ಉಚ್ಚೆಂಗೆಪ್ಪನ ಬರಿಗಾಲು ಬೆಲ್ಟು

ಉಚ್ಚೆಂಗೆಪ್ಪ ಕುರುಗೋಡಿನವನು. ಏಳನೇ ಕ್ಲಾಸಿಗೆ ಸಾಲಿ ಬಿಟ್ಟು ಬಳ್ಳಾರಿಗೆ ಬಂದು ಜೀನ್ಸ್ ಕಾರ್ಖಾನೆ ಸೇರಿದ. ಮೊದಲು ದಾರ ಕತ್ತರಿಸಿದ, ಆಮೇಲೆ ಬಟ್ಟೆ ಹಾಸಿದ. ಕಟಿಂಗ್ ಮಾಸ್ಟರ್ ಆಗುವುದಕ್ಕೆ ಹನ್ನೊಂದು ವರ್ಷ ಹಿಡಿಯಿತು. ನೂರು ಪದರ ಬಟ್ಟೆ ಒಟ್ಟಿಗೆ ಕತ್ತರಿಸಿದರೂ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಕೂದಲೆಳೆಯಷ್ಟು ಫರಕು ಬರುತ್ತಿರಲಿಲ್ಲ. ಆ ಕೈಗೆ ಬಳ್ಳಾರಿಯಲ್ಲಿ ಮರ್ಯಾದೆ ಇತ್ತು.

ಅವನಿಗೆ ಐವತ್ತು ತುಂಬಿದ ವರ್ಷ ಹೆಂಡತಿ ದೊಡ್ಡಬಸಮ್ಮನಿಗೆ ಲಕ್ವಾ ಹೊಡೆಯಿತು. ಆಸ್ಪತ್ರೆಯ ಹನ್ನೆರಡು ದಿನದ ಖರ್ಚು ವಿಮೆಯ ಕಾರ್ಡಿನಲ್ಲಿ ಹೋಯಿತು. ಜೀವ ಉಳಿಯಿತು, ಮಾತು ತಿರುಗಿತು. ಎಡಗಾಲಿನ ಪಾದ ಮಾತ್ರ ಮೇಲೆ ಏಳಲಿಲ್ಲ. ನಡೆದರೆ ಬೆರಳು ನೆಲಕ್ಕೆ ಉಜ್ಜುತ್ತಿತ್ತು, ಹೊಸ್ತಿಲು ಸಿಕ್ಕರೆ ಮುಗ್ಗರಿಸುತ್ತಿದ್ದಳು. ಪಾದ ಎತ್ತಿ ಹಿಡಿಯುವುದಕ್ಕೆ ಪ್ಲಾಸ್ಟಿಕ್ಕಿನ ಆಸರೆಯೊಂದು ಸಿಗುತ್ತದೆ, ಹೊರಗೆ ತಗೊಳ್ಳಿ ಎಂದರು ಡಾಕ್ಟರು. ಮನೆಯಲ್ಲಿ ಕಟ್ಟಿಕೊಳ್ಳುವುದಕ್ಕೆ ಕಾರ್ಡು ನಡೆಯುವುದಿಲ್ಲ. ಉಚ್ಚೆಂಗೆಪ್ಪ ಕೈಯಿಂದ ಕೊಟ್ಟು ತಂದ. ಅದರ ಮೇಲೆ ಬೂಟು ಹಾಕಲೇಬೇಕು.

"ಒಲಿ ಮುಂದ ಬೂಟು ಹಾಕ್ಕೊಂಡು ನಿಂದ್ರಲೇನು?" ಎಂದಳು ದೊಡ್ಡಬಸಮ್ಮ. "ದೇವ್ರ ಮನಿಗೂ ಇದ್ರಾಗ ಹೋಗ್ಲೇನು? ಪೊಲೀಸ್ರಂಗ?"

ಉಚ್ಚೆಂಗೆಪ್ಪ ಭಾನುವಾರ ತನ್ನದೇ ಹಳೆಯ ಜೀನ್ಸ್ ಪ್ಯಾಂಟಿನ ಹೊಲಿಗೆ ಬಿಚ್ಚಿ ಹಾಕಿದ. ಮೊಣಕಾಲ ಕೆಳಗೆ ಸುತ್ತುವ ಒಂದು ಅಗಲ ಬೆಲ್ಟು, ಪಾದಕ್ಕೆ ಬೆರಳಿನ ಹಿಂದೆ ಸುತ್ತುವ ಇನ್ನೊಂದು ಸಣ್ಣದು, ಎರಡನ್ನೂ ಮುಂದೆ ಜಗ್ಗಿ ಹಿಡಿಯುವ ಒಂದು ಉದ್ದನೆಯ ತುಂಡು, ಅದರ ನಡುವೆ ನಾಲ್ಕು ಬೆರಳು ಎಲಾಸ್ಟಿಕ್. ಏಳು ಸಲ ಬಿಚ್ಚಿ ಏಳು ಸಲ ಹೊಲಿದ. ಎಂಟನೆಯದನ್ನು ಕಟ್ಟಿಕೊಂಡು ದೊಡ್ಡಬಸಮ್ಮ ಬರಿಗಾಲಲ್ಲಿ ಅಡಿಗೆಮನೆ ಹೊಸ್ತಿಲು ದಾಟಿದಳು. ಬರಿಗಾಲು ಬೆಲ್ಟು ಅಂತ ಹೆಸರಿಟ್ಟವಳೂ ಅವಳೇ.

ಮುಂದಿನ ತಿಂಗಳು ಆಸ್ಪತ್ರೆಗೆ ತೋರಿಸಲು ಹೋದಾಗ ಕಾಲಿನ ವ್ಯಾಯಾಮ ಮಾಡಿಸುವ ಶ್ರೀಪ್ರಿಯಾ ಮೇಡಂ ಬೆಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಯಾರು ಮಾಡಿಕೊಟ್ರಮ್ಮ ಇದನ್ನ?"

"ನಮ್ಮ ಮನಿಯವ್ರರಿ. ಮೈಮ್ಯಾಗಿನ ಪ್ಯಾಂಟು ಒಂದು ಬಿಟ್ಟು ಎಲ್ಲಾ ಹರದಾರ."

ಬೇರೆ ರೋಗಿಗಳಿಗೂ ಮಾಡಿಕೊಡಿ ಎಂದರು ಮೇಡಂ. ಹೀಗೆ ಶುರುವಾಯಿತು. ಉಚ್ಚೆಂಗೆಪ್ಪ ಕಾರ್ಖಾನೆ ಬಿಟ್ಟು, ಒಂದು ಶೆಡ್ ಬಾಡಿಗೆ ಹಿಡಿದು, ಎರಡು ಮಿಷನ್ ಹಾಕಿದ. ಕಾಗದಪತ್ರಕ್ಕೆ ಹಿಂದಿನ ಓಣಿಯ ಪವಮಾನಾಚಾರ್ರು ಜೊತೆಯಾದರು. ವಿಮೆ ಆಫೀಸಿನಲ್ಲಿ ಗುಮಾಸ್ತರಾಗಿ ರಿಟೈರ್ ಆದವರು. ಯಾವ ಅರ್ಜಿಯ ಯಾವ ಮೂಲೆಯಲ್ಲಿ ಸಹಿ ಬೇಕು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು.

ಬೆಲ್ಟನ್ನು ನೋಡಿದವರೆಲ್ಲ ಹೊಗಳಿದರು, ಕೊಂಡವರು ಕಡಿಮೆ. ಆಸ್ಪತ್ರೆಯಿಂದ ಹೊರಗೆ ಬರುವ ಹೊತ್ತಿಗೆ ಮನೆಯವರ ಜೇಬು ಖಾಲಿಯಾಗಿರುತ್ತಿತ್ತು. "ವಿಮೆ ಕಂಪನಿಯವರ ಲಿಸ್ಟಿನ್ಯಾಗ ಇದು ಬರಬೇಕು ನೋಡು," ಎಂದರು ಆಚಾರ್ರು. "ಲಿಸ್ಟಿನ್ಯಾಗ ಇದ್ರ ಕಾರ್ಡಿನ ಮ್ಯಾಗ ಆಸ್ಪತ್ರೆಯವ್ರೇ ಕಟ್ಟಿ ಕಳಸ್ತಾರ. ಇಲ್ಲಂದ್ರ ನಾವಿಬ್ಬರೂ ಒಂದೊಂದು ಕಟ್ಟಿಕೊಂಡು ಕೂಡೋದದ."

ಎಂಟು ತಿಂಗಳು ಅರ್ಜಿ ಹಾಕಿದ ಮೇಲೆ ಕಂಪನಿ ಒಂದು ಷರತ್ತು ಹಾಕಿತು. ನಲವತ್ತು ಜನರಿಗೆ ಕೊಟ್ಟು ನೋಡಿ. ಮೂರು ತಿಂಗಳಲ್ಲಿ ಬೆಲ್ಟಿನಿಂದ ತೊಂದರೆ ಅಂತ ಒಬ್ಬರೂ ಆಸ್ಪತ್ರೆಗೆ ವಾಪಸ್ ಬರಬಾರದು. ಬರದಿದ್ದರೆ ಲಿಸ್ಟಿಗೆ.

ಉಚ್ಚೆಂಗೆಪ್ಪ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ನಲವತ್ತು ಜನರ ಕಾಲು ತಾನೇ ಅಳೆದ. ನಲವತ್ತಕ್ಕೆ ಹಳೆಯ ಪ್ಯಾಂಟು ಎಲ್ಲಿಂದ ತರುವುದು? ಅದೂ ಅಲ್ಲದೆ, ಕಂಪನಿಯವರು ನೋಡುವ ಮಾಲು ಹೊಸದಾಗಿ ಕಾಣಬೇಕು. ಒಳ್ಳೆಯ ಹೊಸ ಡೆನಿಮ್ ಬಟ್ಟೆಯ ಥಾನು ತಂದ. ಅಳತೆಗೆ ಸರಿಯಾಗಿ ಕತ್ತರಿಸಿದ, ಹೊಲಿದ, ಕೊಟ್ಟ.

ತಪ್ಪು ಆದದ್ದು ಅಲ್ಲಿ. ಬಳ್ಳಾರಿಯಲ್ಲಿ ಕತ್ತರಿಸುವವನು ಬೇರೆ, ಹೊಲಿಯುವವನು ಬೇರೆ, ಒಗೆಯುವವನು ಬೇರೆ. ಹೊಲಿದ ಪ್ಯಾಂಟು ಗಾಡಿ ಹತ್ತಿ ಒಗೆಯುವ ಯೂನಿಟ್ಟಿಗೆ ಹೋಗುತ್ತದೆ. ಕುಗ್ಗುವುದು, ತಿರುಚಿಕೊಳ್ಳುವುದು ಎಲ್ಲ ಅಲ್ಲಿ ಮುಗಿದು ಅಂಗಡಿ ಸೇರುತ್ತದೆ. ಮೂವತ್ತು ವರ್ಷ ಉಚ್ಚೆಂಗೆಪ್ಪನ ಕೈ ಕತ್ತರಿಯಲ್ಲೇ ಕೆಲಸ ಮುಗಿಸಿತ್ತು. ನೀರಿನ ಕೆಲಸ ಅವನದಾಗಿರಲಿಲ್ಲ. ಹೆಂಡತಿಯ ಬೆಲ್ಟು ಆಗಲೇ ನೂರು ಸಲ ಒಗೆದ ಪ್ಯಾಂಟಿನದು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಮೊದಲ ವಾರ ಎಲ್ಲರೂ ಚೆನ್ನಾಗಿ ನಡೆದರು. ಎರಡನೇ ವಾರ ಸಿರುಗುಪ್ಪ ತಾಲೂಕಿನ ರಾರಾವಿಯಲ್ಲಿ ಸರೋಜಾ ಎಂಬ ಹೆಂಗಸು ಬೆಲ್ಟನ್ನು ಕಲ್ಲಿನ ಮೇಲೆ ಕುಕ್ಕಿ ಒಗೆದು, ಬಿಸಿಲಿಗೆ ಹಾಕಿ, ಮರುದಿನ ಕಟ್ಟಿಕೊಂಡಳು. ಬೆಲ್ಟು ಪಾದವನ್ನು ಒಳಕ್ಕೆ ತಿರುವಿತು. ಬಚ್ಚಲ ಹತ್ತಿರ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು.

ಸುದ್ದಿ ಬಂದ ದಿನ ಉಚ್ಚೆಂಗೆಪ್ಪ ಒಂದು ಹೊಸ ಬೆಲ್ಟನ್ನು ಬಕೆಟ್ಟಿನಲ್ಲಿ ನೆನೆಸಿದ. ಒಣಗಿದ ಮೇಲೆ ಅಳೆದ. ಉದ್ದನೆಯ ತುಂಡು ಒಂದು ಬೆರಳು ಕುಗ್ಗಿತ್ತು. ಮೇಜಿನ ಮೇಲೆ ಇಟ್ಟರೆ ನೆಟ್ಟಗೆ ಮಲಗಲಿಲ್ಲ, ಒಂದು ಕಡೆಗೆ ಹೊರಳಿತು. ಹೆಂಡತಿಯ ಬೆಲ್ಟನ್ನು ತಂದು ಪಕ್ಕದಲ್ಲಿಟ್ಟ; ಅದು ನೆಟ್ಟಗೆ ಮಲಗಿತು.

ಮರುದಿನವೇ ಕಂಪನಿಯ ಕಾಗದ ಬಂತು. ಲಿಸ್ಟಿಗೆ ಇಲ್ಲ. ಆಸ್ಪತ್ರೆಯೂ ಹಿಂದೆ ಸರಿಯಿತು. ಶೆಡ್ ನಡೆಯುವ ದಾರಿ ಮುಚ್ಚಿತು. ಶೆಡ್ಡಿಗೆ ಮಾಡಿಸಿದ್ದ ವಿಮೆಯ ಕಾಗದವನ್ನು ಆಚಾರ್ರು ಕನ್ನಡಕ ಏರಿಸಿ ಮತ್ತೆ ಓದಿದರು.

"ಬೆಂಕಿಗೆ ಅದ, ಕಳವಿಗೆ ಅದ, ನೀರು ನುಗ್ಗಿದ್ರ ಅದ. ಅಳತಿ ತಪ್ಪಿದ್ದಕ್ಕ ಇಲ್ಲ, ಉಚ್ಚೆಂಗೆಪ್ಪ."

"ಇರಬಾರ್ದು ಬಿಡ್ರಿ ಆಚಾರ್ರೇ. ಕಟ್ಕೊಂಡೋರು ಇನ್ನಾ ಮೂವತ್ತೊಂಬತ್ತು ಮಂದಿ ಅದಾರ. ಬಾಯಿಮಾತಿಲೆ ತಿಳಿಯಂಗಿಲ್ಲ. ಇವತ್ತು ಎಲ್ಲಾರ್ಗೂ ಬಿಚ್ಚಿಡ್ರಿ ಅಂತ ಫೋನ್ ಮಾಡ್ತೀನಿ, ನಾಳಿಂದ ಮನಿಮನಿಗೆ ಹೋಗ್ತೀನಿ."

"ನೋಡು, ನಾ ಗುಮಾಸ್ತ ಆಗಿ ಹೇಳತೀನಿ. ನೀ ಹೋದ್ರ ತಪ್ಪು ಒಪ್ಪಿಕೊಂಡಂಗ ಆಗ್ತದ. ನಾಳೆ ಯಾರರ ಕೇಸ್ ಹಾಕಿದ್ರ?"

"ಒಪ್ಪಿಕೊಳ್ಳಾಕ ಹೊಂಟೀನ್ರಿ."

ಒಳಗಿನಿಂದ ದೊಡ್ಡಬಸಮ್ಮ ಕೂಗಿ ಹೇಳಿದಳು, "ಹೋಗ್ಲಿ ಬಿಡ್ರಿ ಆಚಾರ್ರೇ. ಮನ್ಯಾಗ ಕುಂತ್ರ ನನ್ನ ಕಾಲು ನೋಡ್ತಾನ ಕುಂದ್ರತಾರ. ನನಗ ನಾಚಿಕಿ ಬರ್ತೈತಿ."

ಚೀಲದಲ್ಲಿ ಕತ್ತರಿ, ದಪ್ಪ ಸೂಜಿ, ದಾರ, ಟೇಪು, ಎಲಾಸ್ಟಿಕ್. ಬೆಳಗಿನ ಬಸ್ಸಿಗೆ ಹೊರಟರೆ ಸಂಜೆಗೆ ಬರುತ್ತಿದ್ದ. ಎಲ್ಲ ಮನೆಯಲ್ಲೂ ಒಂದೇ ಮಾತು ಕೇಳಿದ: ಮನೆಯಲ್ಲಿ ಯಾರದಾದರೂ ಹಳೆಯ ಜೀನ್ಸ್ ಐತೇನು? ಇಲ್ಲದ ಮನೆ ಇರಲಿಲ್ಲ. ಆ ಪ್ಯಾಂಟಿನಲ್ಲೇ ಹೊಸ ಬೆಲ್ಟು ಕತ್ತರಿಸಿ, ಕೈಯಲ್ಲೇ ಹೊಲಿದು, ನೆನೆಸಿ, ಒಣಗಿಸಿ, ಮತ್ತೆ ಅಳೆದು ಕಟ್ಟುತ್ತಿದ್ದ. ಬಾದನಹಟ್ಟಿಯಲ್ಲಿ ಒಬ್ಬ ಮುದುಕ ಬೈದ. ಕುರುಗೋಡಿನಲ್ಲಿ ಒಬ್ಬರು ಊಟ ಹಾಕಿದರು. ದಿನಕ್ಕೆ ಎರಡು ಮನೆ, ಹೆಚ್ಚೆಂದರೆ ಮೂರು. ಮೂವತ್ತೊಂಬತ್ತು ಮುಗಿಯುವವರೆಗೆ ಇನ್ನೊಬ್ಬರೂ ಬೀಳಲಿಲ್ಲ.

ಸರೋಜಾಳ ಮನೆಗೆ ಕೊನೆಗೆ ಹೋದ. ಅವಳು ಬೆಲ್ಟು ಬಿಚ್ಚಿಟ್ಟಿದ್ದಾಳೆ, ಫೋನಿನಲ್ಲಿ ಹೇಳಿದರೂ ಕಟ್ಟಿಕೊಂಡೇ ಇರುವವರದು ಮೊದಲು ಆಗಲಿ ಎಂಬುದು ಲೆಕ್ಕ. ಹೆದರಿಕೆಯೂ ಇತ್ತು.

ಬಾಗಿಲಲ್ಲಿ ಅವಳ ಗಂಡ ಚಂದ್ರಣ್ಣ ನಿಂತಿದ್ದ.

"ನೀನಾ ಆ ಬೆಲ್ಟಿನಾಂವ?"

"ಹೌದ್ರಿ."

"ಬಾ, ನೋಡು. ಮೊದ್ಲು ಕಾಲು ಒಂದು ಬರ್ತಿದ್ದಿಲ್ಲ. ಈಗ ಕೈನೂ ಇಲ್ಲ. ಇನ್ನೇನು ತಗೊಂಡು ಹೋಗಾಕ ಬಂದಿ?"

"ಒಂದು ಹಳೇ ಜೀನ್ಸ್ ಪ್ಯಾಂಟು ಬೇಕಿತ್ರಿ."

ಚಂದ್ರಣ್ಣ ಅವನ ಮುಖ ನೋಡಿ, ಒಳಗೆ ಹೆಂಡತಿಯ ಮುಖ ನೋಡಿ, "ಸರೋಜಾ, ಈಗ ಪ್ಯಾಂಟೂ ಬೇಕಂತ" ಎಂದ.

ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಗೋಡೆಗೆ ಒರಗಿ ಕುಳಿತಿದ್ದ ಸರೋಜಾ, "ಕೊಡ್ರಿ ಅತ್ಲಾಗ. ನಿಮಗ ಹೊಟ್ಟಿ ಬಂದು ಮೂರು ವರ್ಷ ಆತು, ಅದು ಏರಂಗಿಲ್ಲ" ಎಂದಳು.

ಉಚ್ಚೆಂಗೆಪ್ಪ ತಪ್ಪು ಏನಾಯಿತೆಂದು ಹೇಳಿದ. ಮುಚ್ಚಿಡಲಿಲ್ಲ, ಅಳಲೂ ಇಲ್ಲ. ಆಮೇಲೆ ಅಂಗಳದಲ್ಲಿ ಕುಳಿತು ಕತ್ತರಿಸಿ ಹೊಲಿದ. ಬಕೆಟ್ಟಿನಲ್ಲಿ ನೆನೆಸಿ, ಕಲ್ಲಿನ ಮೇಲೆ ತಾನೇ ಕುಕ್ಕಿ ಒಗೆದ. ಬಿಸಿಲಿಗೆ ಹಾಕಿ ಪಕ್ಕದಲ್ಲಿ ಕುಳಿತ. ಚಂದ್ರಣ್ಣ ಎರಡು ಸಲ ಹೊರಗೆ ಬಂದು ನೋಡಿ ಒಳಗೆ ಹೋದ. ಮೂರನೇ ಸಲ ಚಹಾ ತಂದು ಕಟ್ಟೆಯ ಮೇಲೆ ಇಟ್ಟ.

ಒಣಗಿತು. ಟೇಪು ಹಿಡಿದ. ಅಳತೆ ಕದಲಿರಲಿಲ್ಲ. ಸರೋಜಾಳ ಕಾಲಿಗೆ ಕಟ್ಟಿ, ಅವಳ ಎಡಗೈ ಹಿಡಿಯಲು ಚಂದ್ರಣ್ಣನನ್ನು ಕರೆದ. ಅವಳು ಬರಿಗಾಲಲ್ಲಿ ಬಚ್ಚಲ ತನಕ ಹೋಗಿ, ಬಿದ್ದ ಜಾಗದಲ್ಲಿ ಒಂದು ಗಳಿಗೆ ನಿಂತು, ತಿರುಗಿ ಬಂದಳು. ಬೆರಳು ನೆಲಕ್ಕೆ ತಾಗಲಿಲ್ಲ.

"ಇದು ಕಾರ್ಡಿನ್ಯಾಗ ಬರಂಗಿಲ್ಲೇನು?"

"ಇಲ್ಲಮ್ಮ. ಲಿಸ್ಟಿಗೆ ಹೋಗಲಿಲ್ಲ. ಶೆಡ್ಡೂ ಮುಚ್ಚೀನಿ, ಸೋಮವಾರದಿಂದ ಮತ್ತ ಕಾರ್ಖಾನಿ. ಆಚಾರ್ರು ಇನ್ನೊಂದು ಅರ್ಜಿ ಬರ್ಯಾಕತ್ಯಾರ."

"ಮತ್ತ ಇದು ಹರಿದ್ರ?"

ಅವನು ಗುರುತು ಹಾಕುವ ಪೆನ್ನು ತೆಗೆದು ಬೆಲ್ಟಿನ ಒಳಮೈ ಮೇಲೆ ತನ್ನ ಫೋನ್ ನಂಬರ್ ಬರೆದ. "ಭಾನುವಾರ ರಜಾ ಐತಿ ನನಗ. ಸಿರುಗುಪ್ಪಕ್ಕ ಬಸ್ಸೂ ಅದಾವು."

ಚೀಲ ಹೆಗಲಿಗೆ ಹಾಕಿಕೊಂಡು ಅಂಗಳ ದಾಟುವಾಗ ಚಂದ್ರಣ್ಣ ಹಿಂದಿನಿಂದ ಕರೆದ. ಕೈಯಲ್ಲಿ ಮಡಚಿದ ಇನ್ನೊಂದು ಜೀನ್ಸ್ ಇತ್ತು.

"ಕುರುಗೋಡ್ನ್ಯಾಗ ನಮ್ಮ ತಂಗಿ ಮಾವಗೂ ಲಕ್ವಾ ಹೊಡದೈತಿ. ಹೆಂಗೂ ನಿಮ್ಮ ಊರ್ ಕಡಿ ಅಲ್ಲೇನು ಅದು. ಅಳತಿ ತಗೊಂಡು ಇದ್ರಾಗ ಒಂದು ಮಾಡ್ರಿ."

ಉಚ್ಚೆಂಗೆಪ್ಪ ಪ್ಯಾಂಟು ತೆಗೆದುಕೊಂಡು, ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದ.

"ಎಷ್ಟು ಸಲ ಒಗದದ್ದು ಇದು?"