ಜೋಕಾಲಿ ಹತ್ತದ ಪಂಚಮಿ

ಆ ವರ್ಷ ನಮ್ಮ ಮನೆಯಲ್ಲಿ ಯಜಮಾನಿಕೆ ನಡೆಸಿದ್ದು ಬೆರಳಿಗೆ ಹಾಕುವ ಒಂದು ಪುಟ್ಟ ಯಂತ್ರ. ಕರೋನಾ ಕಾಲದಲ್ಲಿ ಊರೆಲ್ಲ ಕೊಂಡಂತೆ ನಾವೂ ಕೊಂಡಿದ್ದ ಆಕ್ಸಿಮೀಟರ್ ಅದು. ಬಟ್ಟೆಯ ಕ್ಲಿಪ್ಪಿನ ಹಾಗೆ ಬೆರಳನ್ನು ಕಚ್ಚಿಕೊಂಡು, ಮೇಲೊಂದು ಸಾಲಿನಲ್ಲಿ ರಕ್ತದ ಆಮ್ಲಜನಕ, ಕೆಳಗೊಂದು ಸಾಲಿನಲ್ಲಿ ಎದೆಬಡಿತ ತೋರಿಸುತ್ತದೆ. ಕರೋನಾ ಹೋದ ಮೇಲೆ ಕಪಾಟಿನ ಮೂಲೆಯಲ್ಲಿ ಬಿದ್ದಿತ್ತು. ನನ್ನ ಗಂಡ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಅದಕ್ಕೆ ಹೊಸ ಬ್ಯಾಟರಿ ಬಿತ್ತು.

ನನ್ನ ಗಂಡ ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರು. ಸೀಟಿ ಊದಿ ಊರಿನ ಮಕ್ಕಳನ್ನೆಲ್ಲ ಓಡಿಸಿದವರು, ಒಂದು ಬೆಳಿಗ್ಗೆ ಖೊಖೊ ಆಡಿಸುತ್ತಿದ್ದವರು, ಮೈದಾನದಲ್ಲೇ ಎದೆ ಹಿಡಿದುಕೊಂಡು ಕುಳಿತರು. ಜೀವ ಉಳಿಯಿತು. ತಿರುಗಿ ತೋರಿಸಲು ಹೋದಾಗ ವಿಜಯಪುರದ ಡಾಕ್ಟರು ಎಲ್ಲ ನೋಡಿ, "ಇನ್ನ ಹೆದರಬ್ಯಾಡ್ರಿ. ದಿನಾ ಅಡ್ಡಾಡ್ರಿ, ಮಗಳ ಜೋಡಿ ಆಡ್ರಿ, ನಕ್ಕೋತ ಇರ್ರಿ" ಎಂದರು. ನನಗೆ ಸಿಟ್ಟು ಬಂತು. ನಗುವನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಯಾವ ಔಷಧದ ಅಂಗಡಿಯವನು ಕೊಡುತ್ತಾನೆ?

ಅಡ್ಡಾಡುವುದಾದರೂ ನಮ್ಮೂರಲ್ಲಿ ಸುಲಭವಲ್ಲ. ಕೆಲಸವಿಲ್ಲದೆ ನಡೆಯುವ ಮನುಷ್ಯನನ್ನು ಕಂಡರೆ ನಮ್ಮ ಜನಕ್ಕೆ ಸಂಕಟವಾಗುತ್ತದೆ. ಗಾಡಿ ಕೆಟ್ಟಿರಬೇಕು, ಇಲ್ಲವೇ ಬಸ್ಸು ತಪ್ಪಿರಬೇಕು ಎಂದೇ ಅವರ ಲೆಕ್ಕ. ಇವರು ಬೈಪಾಸಿನ ಕಡೆ ಹೊರಟರೆ ಸಾಕು, ಹಳೆಯ ವಿದ್ಯಾರ್ಥಿಯೊಬ್ಬ ಬೈಕು ನಿಲ್ಲಿಸುತ್ತಿದ್ದ. "ಯಾಕ್ರಿ ಸರ್, ನಡಕೋತ ಹೊಂಟೀರಿ? ಹತ್ರಿ, ಮನೀಗಿ ಬಿಡ್ತೇನಿ." ವಾಕಿಂಗಿಗೆ ಬಂದಿದ್ದೇನೆ ಎಂದರೆ, "ಇಂಥಾ ಎದಿ ಇಟ್ಕೊಂಡು ವಾಕಿಂಗೇನ್ರಿ?" ಎಂದು ಕೈಹಿಡಿದೇ ಹತ್ತಿಸಿಕೊಳ್ಳುತ್ತಿದ್ದ. ಹೀಗೆ ನನ್ನ ಗಂಡ ನಡೆಯಲು ಹೋಗಿ ಯಾರದೋ ಬೈಕಿನ ಹಿಂದೆ ಕುಳಿತು ಮನೆಗೆ ಬರುತ್ತಿದ್ದರು. ಬೈಕು ಇಲ್ಲದವರು ಚಹಾಕ್ಕೆ ಕರೆದು, ತಮ್ಮ ಮಾವನಿಗೂ ಹೀಗೇ ಆಗಿತ್ತೆಂದು ಶುರುಮಾಡಿ, ಮಾವ ತೀರಿಕೊಳ್ಳುವವರೆಗೆ ಕಥೆ ಹೇಳಿ ಕಳಿಸುತ್ತಿದ್ದರು. ಬರಬರುತ್ತ ಇವರು ಹೊರಗೆ ಕಾಲಿಡುವುದನ್ನೇ ಬಿಟ್ಟರು.

ಪಡಸಾಲೆಯ ಕುರ್ಚಿ, ಎದುರಿಗೆ ಟಿವಿ, ಬೆರಳಿಗೆ ಆ ಯಂತ್ರ. ಕೆಳಗಿನ ಸಾಲಿನ ಅಂಕಿ ಸ್ವಲ್ಪ ಮೇಲೆ ಹೋದರೆ ಕೂಡಲೇ ಮಲಗಿಬಿಡುತ್ತಿದ್ದರು, ನನ್ನನ್ನು ಕರೆಯುತ್ತಿದ್ದರು. ನಾನು ಪಕ್ಕದ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಪಾಠ ಮಾಡುವಾಗ ಪರ್ಸಿನಲ್ಲಿ ಮೊಬೈಲು ನಡುಗಿದರೆ ನನ್ನ ಕೈಯ ಸೀಮೆಸುಣ್ಣ ಜಾರಿ ಬೀಳುತ್ತಿತ್ತು. ಎಷ್ಟೋ ಸಲ ಅದು ಸಿಮ್ ಕಂಪನಿಯ ಕರೆಯಾಗಿರುತ್ತಿತ್ತು. ಕರೆ ಮಾಡಿದ ಹುಡುಗಿಯ ಮೇಲೆ ರೇಗಿ ಫೋನ್ ಇಟ್ಟು, ಹುಡುಗರ ಮುಂದೆ ಏನೂ ಆಗದವಳ ಹಾಗೆ ಮಗ್ಗಿ ಹೇಳಿಸುತ್ತಿದ್ದೆ.

ಇಷ್ಟರ ನಡುವೆ ಮಗಳನ್ನು ನಾನು ಸರಿಯಾಗಿ ನೋಡಿರಲಿಲ್ಲ. ನಾಲ್ಕನೆಯ ತರಗತಿಯ ಹುಡುಗಿ. ಶಾಲೆ ಬಿಟ್ಟರೆ ಓಣಿಯ ತಿರುವಿನಿಂದ ಒಂದೇ ಓಟದಲ್ಲಿ ಬಂದು ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿದ್ದವಳು ಈಗ ಮೆಲ್ಲಗೆ ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಒಂದು ದಿನ ಅವಳ ಟೀಚರು ದಾರಿಯಲ್ಲಿ ಸಿಕ್ಕಿ ಹೇಳಿದರು, "ಮೇಡಂ, ನಿಮ್ಮ ಹುಡುಗಿ ಆಟಕ್ಕ ಬರವಲ್ಲಳ್ರಿ. ಎಲ್ಲಾರೂ ಆಡಾಕ ಹೋದ್ರ ಒಬ್ಬಾಕೀನ ಕಟ್ಟಿ ಮ್ಯಾಲ ಕುಂತಿರ್ತಾಳ."

ಅಪ್ಪನ ಎದೆಯೇ ಮಗಳಿಗೂ ಬಂದಿದೆ ಎಂದು ಅಲ್ಲೇ ರಸ್ತೆಯಲ್ಲಿ ನಿಂತು ತೀರ್ಮಾನಿಸಿಬಿಟ್ಟೆ. ಗಂಡನಿಗೆ ಹೇಳದೆ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಗೆ ಕೊಳವೆ ಇಟ್ಟು ಕೇಳಿ, ನಾಲಿಗೆ, ಕಣ್ಣು ನೋಡಿ, "ಹುಡುಗಿ ಛಲೋ ಅದಾಳ್ರಿ. ಮನ್ಯಾಗ ಏನರ ಚಿಂತಿ ಐತೇನು?" ಎಂದರು. ಇಲ್ಲ ಎಂದೆ. ಮಗಳನ್ನು ಕೇಳಿದರೆ ಅವಳೂ ಏನೂ ಇಲ್ಲ ಎಂದಳು. ಮನೆಗೆ ಬಂದರೆ ಗಂಡನೂ ಏನೂ ಇಲ್ಲ ಎಂಬ ಮುಖ ಮಾಡಿ ಕುಳಿತಿದ್ದರು. ಒಬ್ಬರಿಗೊಬ್ಬರು ಚಿಂತೆ ಕೊಡಬಾರದೆಂದು ಮೂವರೂ ಬಾಯಿಗೆ ಬೀಗ ಹಾಕಿಕೊಂಡಿದ್ದೆವು. ಡಾಕ್ಟರು ಛಲೋ ಇದ್ದಾಳೆ ಎಂದದ್ದನ್ನು ನಾನು ನಂಬಲೇ ಇಲ್ಲ.

ಶ್ರಾವಣ ಬಂತು. ಪಂಚಮಿಗೆ ತವರಿಗೆ ಹೋಗದಿದ್ದರೆ ನನ್ನ ಅವ್ವ ವರ್ಷವಿಡೀ ಆಡಿಕೊಳ್ಳುತ್ತಾಳೆ. ಇವರನ್ನು ಬಿಟ್ಟು ಹೋಗುವ ಧೈರ್ಯವಿರಲಿಲ್ಲ, ಕರೆದುಕೊಂಡು ಹೋಗುವ ಧೈರ್ಯವೂ ಇರಲಿಲ್ಲ. ಕೊನೆಗೆ ಗುಳಿಗೆಯ ಚೀಲ, ಆಸ್ಪತ್ರೆಯ ಕಾಗದ, ಆ ಯಂತ್ರ, ಎಲ್ಲ ಕಟ್ಟಿಕೊಂಡು ಮೂವರೂ ನನ್ನ ತವರೂರು ತಾಂಬಾದ ಬಸ್ಸು ಹತ್ತಿದೆವು. ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ನಾನು ಇವರ ಮುಖ ನೋಡುತ್ತಿದ್ದೆ. ಇವರು ಕಿಟಕಿಯ ಆಚೆ ನೋಡುವವರಂತೆ ಕುಳಿತು, ಚೀಲದ ಮರೆಯಲ್ಲಿ ನಾಡಿ ಹಿಡಿದುಕೊಂಡಿದ್ದರು.

ತವರಿನ ಅಂಗಳದ ಬೇವಿನ ಮರಕ್ಕೆ ನನ್ನ ಅಣ್ಣ ಆಗಲೇ ಜೋಕಾಲಿ ಕಟ್ಟಿದ್ದ. ದಪ್ಪ ಹಗ್ಗ, ನಡುವೆ ಇಬ್ಬರು ಕೂಡಬಹುದಾದ ಹಲಗೆ. ಅಣ್ಣನ ಮಕ್ಕಳು ಒಬ್ಬರನ್ನೊಬ್ಬರು ಇಳಿಸಿ ಹತ್ತುತ್ತಿದ್ದರು. ನನ್ನ ಮಗಳು ಶೇಂಗಾ ಉಂಡಿಯೊಂದನ್ನು ಕೈಯಲ್ಲಿ ಹಿಡಿದು ದೂರ ನಿಂತಿದ್ದಳು. ಹೋದ ಪಂಚಮಿಯಲ್ಲಿ ಇದೇ ಹುಡುಗಿ ಕಾಲಿನಿಂದ ಬೇವಿನ ಟೊಂಗೆ ಮುಟ್ಟುವಷ್ಟು ಜೀಕಿ ನನ್ನಿಂದ ಬೈಸಿಕೊಂಡಿದ್ದಳು. ಈಗ "ಹತ್ತು ಬಾ" ಎಂದು ಕರೆದರೆ ತಲೆ ಅಲ್ಲಾಡಿಸಿದಳು.

ಅವ್ವ ಹಾಲೆರೆಯಲು ಕರೆದಳು. ನಮ್ಮಲ್ಲಿ ಮಣ್ಣಿನ ನಾಗಪ್ಪನಿಗೆ ಸುಮ್ಮನೆ ಹಾಲು ಹಾಕುವುದಿಲ್ಲ. ದೇವರ ಪಾಲು, ಗುರುವಿನ ಪಾಲು ಎಂದು ಮೊದಲುಮಾಡಿ, ಮನೆಯ ಒಬ್ಬೊಬ್ಬರ ಪಾಲನ್ನೂ ಬಾಯಿಬಿಟ್ಟು ಹೇಳುತ್ತ ಒಂದೊಂದು ಸಲ ಎರೆಯಬೇಕು. ಮಕ್ಕಳಿಗೆ ಅದೊಂದು ಆಟ, ನಾಯಿಮರಿಯ ಪಾಲು, ಟ್ರ್ಯಾಕ್ಟರಿನ ಪಾಲು ಎಂದೂ ಎರೆಯುತ್ತಾರೆ. ನನ್ನ ಮಗಳ ಸರದಿ ಬಂತು. ದೇವರ ಪಾಲು ಎಂದಳು. ಆಯಿ ಪಾಲು ಎಂದು ಅಜ್ಜಿಗೆ ಎರೆದು, ಅವ್ವನ ಪಾಲು, ಅಪ್ಪನ ಪಾಲು ಎಂದಳು. ಆಮೇಲೆ ದನಿ ಇಳಿಸಿ, "ಅಪ್ಪನ ಎದಿ ಪಾಲು" ಎಂದು ಎರೆದಳು. ಬಟ್ಟಲಲ್ಲಿ ಉಳಿದ ಹಾಲನ್ನೆಲ್ಲ ಒಮ್ಮೆಲೇ ಸುರಿದು, "ನನ್ನ ಎದಿ ಪಾಲು" ಎಂದಳು.

ಉಳಿದ ಮಕ್ಕಳು ನಕ್ಕರು. ಅವ್ವ ನಗಲಿಲ್ಲ. ಅವಳನ್ನು ತೊಡೆಯ ಮೇಲೆ ಎಳೆದುಕೊಂಡು, "ನಿನ್ನ ಎದಿಗಿ ಏನಾಗೇತವಾ?" ಎಂದು ಕೇಳಿದಳು.

"ನಂದೂ ಅಪ್ಪನ ಎದಿ ಹಂಗ ಆಗೇತಿ, ಆಯಿ. ಮಿಷನ್ನಿನಾಗ ನೋಡೇನಿ."

ಬಿಡಿಸಿ ಬಿಡಿಸಿ ಕೇಳಿದ ಮೇಲೆ ಎಲ್ಲ ಹೊರಬಂತು. ಒಂದು ಸಂಜೆ ಶಾಲೆಯಿಂದ ಓಡಿಬಂದವಳು, ಅಪ್ಪ ಮಲಗಿದ್ದಾಗ ಯಂತ್ರವನ್ನು ತನ್ನ ಬೆರಳಿಗೆ ಹಾಕಿ ನೋಡಿದ್ದಳು. ಯಾವ ಅಂಕಿ ಬಂದರೆ ಅಪ್ಪ ಹೆದರಿ ಮಲಗುತ್ತಾರೋ ಅದಕ್ಕಿಂತ ಎಷ್ಟೋ ಮೇಲಿನ ಅಂಕಿ ಕಂಡಿತ್ತು. ಅಂದಿನಿಂದ ಓಡುವುದನ್ನು ಬಿಟ್ಟಿದ್ದಳು. "ಹೇಳಿದ್ರ ಅವ್ವ ಅಳ್ತಾಳ, ಅದಕ್ಕ ಹೇಳಲಿಲ್ಲ" ಎಂದಳು.

ತಿರುಗಿ ನೋಡಿದರೆ ಬಾಗಿಲಲ್ಲಿ ಇವರು ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಮುಖ ಬಿಳಿಚಿತ್ತು. ಈಗ ಕುಳಿತುಬಿಡುತ್ತಾರೆ, ನನ್ನನ್ನು ಕರೆಯುತ್ತಾರೆ ಎಂದುಕೊಂಡೆ. ಅವರು ನೇರವಾಗಿ ಬೇವಿನ ಮರದ ಕೆಳಗೆ ಹೋದರು. ಚಪ್ಪಲಿ ಬಿಟ್ಟು, ಹಗ್ಗವನ್ನು ಎರಡು ಸಲ ಜಗ್ಗಿ ನೋಡಿ, ಹಲಗೆಯ ಮೇಲೆ ಕುಳಿತು ನೆಲ ಒದ್ದರು.

ಬೇಡ ಎನ್ನಲು ನನ್ನ ಬಾಯಿ ತೆರೆದಿತ್ತು. ಅವ್ವ ನನ್ನ ರಟ್ಟೆ ಹಿಡಿದಳು. "ಡಾಕ್ಟರ್ ಆಡ್ರಿ ಅಂದಾರಲ್ಲ. ಸುಮ್ನಿರು, ಇಳಿದ ಮ್ಯಾಲ ಬೈಯುವಂತಿ."

ಮೊದಮೊದಲು ಸೆಟೆದು ಕುಳಿತೇ ತೂಗಿಕೊಂಡರು. ಆಮೇಲೆ ಬೆನ್ನು ಸಡಿಲವಾಯಿತು, ಕಾಲು ಚಾಚಿದರು. ಬಹಳ ಎತ್ತರಕ್ಕೇನೂ ಹೋಗಲಿಲ್ಲ. ನನಗೆ ಮಾತ್ರ ಜೋಕಾಲಿ ಪ್ರತಿ ಸಲ ಹಿಂದೆ ಹೋದಾಗಲೂ ಇವರು ತಿರುಗಿ ಬರುವುದಿಲ್ಲ ಅನ್ನಿಸುತ್ತಿತ್ತು. ಕೊನೆಗೆ ಕಾಲು ಊರಿ ನಿಲ್ಲಿಸಿ, ಏದುಸಿರು ಬಿಡುತ್ತಲೇ ಮಗಳನ್ನು ಕರೆದು, ಅಂಗಿಯ ಜೇಬಿನಿಂದ ಯಂತ್ರ ತೆಗೆದು ಬೆರಳಿಗೆ ಹಾಕಿಕೊಂಡರು.

"ಎಷ್ಟೈತಿ ಓದು."

"ಭಾಳ ಐತಿ, ಅಪ್ಪಾ."

"ಇರಲಿ. ಇಲ್ಲೇ ಬಾಜೂಕ ಕುಂಡ್ರು. ನೋಡಕೋತ ಇರು."

ಅವಳು ನೋಡುತ್ತ ಕುಳಿತಳು. ನಾನು ಅವಳ ಮುಖವನ್ನು ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ, "ಇಳಿಯಾಕತ್ತೈತಿ" ಎಂದಳು. ಮತ್ತೂ ಇಳಿಯಿತು.

"ಆಡಿದ್ರ ಏರ್ತೈತಿ, ಕುಂತ್ರ ಇಳೀತೈತಿ. ಎಲ್ಲಾರದೂ ಹಂಗ. ಸಣ್ಣವರದಂತೂ ಇನ್ನಾ ಜೋರು. ಅದು ಬ್ಯಾನಿ ಅಲ್ಲವಾ, ಎದಿ ಮಾಡೂ ಕೆಲಸ" ಎಂದರು. ಊರಿನ ಮಕ್ಕಳಿಗೆಲ್ಲ ಮೈದಾನದಲ್ಲಿ ಹೇಳಿಕೊಟ್ಟ ಪಾಠವೇ ಅದು. "ನನಗೂ ಮರತಿತ್ತು ನೋಡು" ಎಂದು ಮಗಳ ಜಡೆ ಎಳೆದರು.

ಮಗಳು ತಾನೂ ಜೀಕಿ ಬಂದು ಬೆರಳು ಚಾಚಿದಳು. ಏರಿತು, ಇಳಿಯಿತು. ಇನ್ನೊಂದು ಸಲ ನೋಡಬೇಕೆಂದು ಮರದ ಸುತ್ತ ಓಡಿದಳು. ಎಷ್ಟು ತಿಂಗಳ ಮೇಲೆ ಅವಳು ಓಡಿದ್ದನ್ನು ಕಂಡೆನೋ, ಕಣ್ಣು ತುಂಬಿ ಸರಿಯಾಗಿ ಕಾಣಲೂ ಇಲ್ಲ. ಆಮೇಲೆ ಅದೇ ಹಬ್ಬದ ಆಟವಾಯಿತು. ಬೇವಿನ ಮರ ಸುತ್ತಿ ಬಂದು ಯಂತ್ರಕ್ಕೆ ಬೆರಳು ಕೊಡಬೇಕು, ಯಾರ ಅಂಕಿ ಬೇಗ ಇಳಿಯುತ್ತದೋ ಅವರಿಗೆ ಒಂದು ಉಂಡಿ. ಹೊಟ್ಟೆ ಬಂದಿರುವ ನನ್ನ ಅಣ್ಣ ಓಡಿ ಬಂದು ನೆಲಕ್ಕೆ ಕುಳಿತ, ಅವನ ಅಂಕಿ ಇಳಿಯುವಷ್ಟರಲ್ಲಿ ಮಕ್ಕಳು ಉಂಡಿ ತಿಂದು ಮುಗಿಸಿದ್ದರು. ಅವ್ವ ಸೆರಗು ಸಿಕ್ಕಿಸಿ ನಡೆದೇ ಸುತ್ತಿ ಬಂದಳು. ಇವರು ಸೀಟಿ ಇಲ್ಲದೆ ಬಾಯಿಂದಲೇ ಸೀಟಿ ಹೊಡೆಯುತ್ತಿದ್ದರು.

ನಾನು ಕಟ್ಟೆಯ ಮೇಲೆ ಉಂಡಿಯ ತಾಟು ಹಿಡಿದು ಕುಳಿತೇ ಇದ್ದೆ. ಇವರು ಕೆಮ್ಮಿದರೆ ನೋಡುತ್ತಿದ್ದೆ, ಮಗಳು ಎಡವಿದರೆ ನೋಡುತ್ತಿದ್ದೆ. ಮಗಳು ಬಂದು, "ಅವ್ವಾ, ನಿಂದೊಂದು ಉಳದೈತಿ" ಎಂದು ನನ್ನ ಬೆರಳಿಗೆ ಯಂತ್ರ ಹಾಕಿದಳು. ನೋಡಿದಳು. ತೆಗೆದು ಝಾಡಿಸಿ, ಇನ್ನೊಂದು ಬೆರಳಿಗೆ ಹಾಕಿ ಮತ್ತೆ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, ಮತ್ತೆ ನನ್ನ ಮುಖ ನೋಡಿ, ಮೆಲ್ಲಗೆ ಕೇಳಿದಳು.

"ಅವ್ವಾ, ನೀ ಓಡೇ ಇಲ್ಲಲ್ಲ, ಮತ್ತ ಯಾಕ ಏರೇತಿ?"

ಅವ್ವ ನನ್ನ ಕೈಯಿಂದ ತಾಟು ತೆಗೆದುಕೊಂಡಳು. ಜೋಕಾಲಿಯ ಮೇಲೆ ಕುಳಿತಿದ್ದ ಇವರು ಹಲಗೆಯ ಒಂದು ಬದಿಗೆ ಸರಿದು ಜಾಗ ಮಾಡಿದರು.