ಕರೆಯದೆ ಮುಟ್ಟದ ಹಾಸು

ಗುಡೇಕೋಟೆಯ ಕಂಬಳಿ ನೇಯುವವರ ಓಣಿಗೆ ಪಕ್ಕೀರಮ್ಮ ಬಂದದ್ದು ಎಪ್ಪತ್ತೆಂಟರ ಮಾಗಿಯಲ್ಲಿ. ನೀಲಗುಂದದಲ್ಲಿ ಒಂದೂವರೆ ವರ್ಷದ ಮಗಳನ್ನು ಮಣ್ಣು ಮಾಡಿದ ಮೇಲೆ ಆ ಮನೆಯಲ್ಲಿ ಇರಲಾರದೆ ಗಂಡ ಬಂಗಾರಪ್ಪ ಮಗ್ಗದ ಮರಗಳನ್ನು ಗಾಡಿಗೆ ಹೇರಿದ್ದ. ಅವಳು ಗಾಡಿಯ ಹಿಂಬದಿಗೆ ಕಾಲು ಇಳಿಬಿಟ್ಟು ಕೂತು ಬಂದಳು. ಆಗಲೂ ಅಳಲಿಲ್ಲ, ಬಂದ ಮೇಲೂ ಅಳಲಿಲ್ಲ. ನೀರು ತಂದಳು, ಒಲೆ ಹಚ್ಚಿದಳು, ಉಣ್ಣೆ ನೂತಳು. ಕಾದ ಹಂಚು ಕೈಗೆ ತಗುಲಿದರೂ ಸುಟ್ಟದ್ದು ತಡವಾಗಿ ತಿಳಿಯುತ್ತಿತ್ತು.

ಎದುರು ಸಿಕ್ಕವರು "ಊಟ ಆತೇನವಾ?" ಎನ್ನುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ತಿಂಗಳಾದ ಮೇಲೆ ಅವರ ಮೊದಲ ಹಾಸು, ಅಂದರೆ ಮಗ್ಗಕ್ಕೇರಿಸುವ ಉದ್ದೆಳೆಗಳ ಸಾಲು, ಓಣಿಗೆ ಬಂತು. ಗೂಟದಿಂದ ಗೂಟಕ್ಕೆ ನೂಲು ಬಿಗಿದು, ಹುಣಸೆ ಬೀಜದ ಗಂಜಿ ಬಳಿದು, ಅದು ಒಣಗುವುದರೊಳಗೆ ಕುಂಚದಿಂದ ತಿಕ್ಕಿ ಎಳೆ ಎಳೆ ಬಿಡಿಸಬೇಕು. ತಡವಾದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಬಿಡಿಸಹೋದರೆ ಹರಿಯುತ್ತವೆ. ಗಂಜಿ ಬಳಿದು ಮುಗಿಸುವಷ್ಟರಲ್ಲಿ ಬಂಗಾರಪ್ಪನಿಗೆ ಚಳಿಜ್ವರ ಏರಿತು. ಅವನು ಒಳಗೆ ಹೋಗಿ ಮಲಗಿಬಿಟ್ಟ. ಮನೆಯಲ್ಲಿದ್ದ ಉಣ್ಣೆಯೆಲ್ಲ ಆ ಹಾಸಿನಲ್ಲೇ ಇತ್ತು.

ಪಕ್ಕೀರಮ್ಮ ಒಬ್ಬಳೇ ತಿಕ್ಕತೊಡಗಿದಳು. ನೀಲಗುಂದದಲ್ಲಿ ಇದ್ದದ್ದು ಅವರದೊಂದೇ ಮಗ್ಗ. ಅತ್ತೆ, ಮೈದುನರು ಸೇರಿ ಮುಗಿಸುತ್ತಿದ್ದರು. ಹೊರಗಿನವರನ್ನು ಕರೆಯಬಹುದೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಎದುರುಮನೆಯ ಬೊಮ್ಮಮ್ಮ, ಪಕ್ಕದ ಓಬಣ್ಣ, ಇನ್ನೂ ಐದಾರು ಜನ ತಮ್ಮ ತಮ್ಮ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಕೂತವರ ತೊಡೆಯ ಮೇಲೆಲ್ಲ ಕುಂಚಗಳಿದ್ದವು. ಅವಳು ಅದನ್ನು ಕಂಡಳು, ಯಾಕೆಂದು ಯೋಚಿಸಲಿಲ್ಲ.

ಬಿಸಿಲು ಬಲಿಯಿತು. ಆಚೆ ತುದಿಯಲ್ಲಿ ಗಂಜಿ ಬೆಳ್ಳಗಾಗತೊಡಗಿತು. ಅಲ್ಲಿಗೆ ಓಡಿದರೆ ಈ ತುದಿ ಒಣಗುತ್ತಿತ್ತು. ಒಂದು ಎಳೆ ಹರಿಯಿತು, ಆಮೇಲೆ ನಾಲ್ಕು. ಅವಳ ಕೈ ಮಾತ್ರ ಅದೇ ಹದದಲ್ಲಿ ಆಡುತ್ತಿತ್ತು.

"ಅಕಿ ಬಾಯೇ ಬಿಡವಲ್ಲಳಲ್ಲೋ ಓಬಣ್ಣ!" ಬೊಮ್ಮಮ್ಮ ಇಡೀ ಓಣಿಗೆ ಕೇಳುವಂತೆ ಅಂದಳು.

"ನಾವೇನು ಮಾಡಾಕ ಬರತೈತಿ ಯಕ್ಕ? ಕರೀಲಾರದನ ಮಂದಿ ಹಾಸು ಮುಟ್ಟಿದ್ರ, ನಿಮಗ ಕೆಲಸ ಬರಂಗಿಲ್ಲ ಅಂತ ಮಾರಿಮ್ಯಾಲೆ ಅಂದಂಗ ಆಕ್ಕೈತಿ. ಅಕಿ ಕರೀಲಿ, ಹೋಗೂಣು."

ಪಕ್ಕೀರಮ್ಮನ ಕುಂಚ ನಿಂತಿತು. ಎಷ್ಟೋ ದಿನದಿಂದ ಗಟ್ಟಿಯಾಗಿ ಮಾತಾಡದ ಗಂಟಲು ಮೊದಲು ಗಾಳಿಯನ್ನಷ್ಟೇ ಹೊರಡಿಸಿತು.

"ಯಕ್ಕಾ... ನನ್ನೊಬ್ಬಾಕಿ ಕೈಲಿ ಆಗವಲ್ದು. ಬರ್ರಿ."

ಮಾತು ಮುಗಿಯುವ ಮೊದಲೇ ಬೊಮ್ಮಮ್ಮ ಕಟ್ಟೆ ಇಳಿದಿದ್ದಳು. ಹಿಂದೆಯೇ ಉಳಿದವರು ಬಂದು ಹಾಸಿನ ಎರಡೂ ಬದಿ ನಿಂತರು.

"ಮೂಗಿ ಅಂದ್ಕೊಂಡಿದ್ನಲ್ಲೇ ನಿನ್ನ! ಹೊತ್ತು ನೆತ್ತಿಗೆ ಬಂದ ಮ್ಯಾಲೆ ಬಾಯಿ ಬಂತೇನು?" ಬೊಮ್ಮಮ್ಮ ತಿಕ್ಕುತ್ತಲೇ ಅಂದಳು.

"ಇದೇನವ್ವ ಗಂಜಿ," ಓಬಣ್ಣ ಬೆರಳಿಗೆ ತೆಗೆದು ನೋಡಿದ, "ನೂಲಿಗೆ ಕಾಸಿಯೋ, ಗ್ವಾಡಿ ಮೆತ್ತಾಕ ಕಾಸಿಯೋ?"

ಎಲ್ಲರೂ ನಕ್ಕರು. ಪಕ್ಕೀರಮ್ಮನಿಗೆ ನಗು ಬರಲಿಲ್ಲ, ನೋವೂ ಆಗಲಿಲ್ಲ. ನೀರು ತಂದುಕೊಟ್ಟಳು. ಬೊಮ್ಮಮ್ಮ ಅವಳ ಕೈ ಹಿಡಿದು, ಕುಂಚ ಎಷ್ಟು ಓರೆಯಾಗಿರಬೇಕು ಎಂದು ತೋರಿಸಿದಳು. ಆಚೆ ತುದಿಯ ಮೂರು ಮೊಳ ಉಳಿಯಲಿಲ್ಲ, ಕತ್ತರಿಸಿ ತೆಗೆದರು. ಮಿಕ್ಕದ್ದು ಎಳೆ ಎಳೆಯಾಗಿ ಬಿಟ್ಟಿತು. ಮುಂಚೆಯೇ ಕರೆದಿದ್ದರೆ ಅದೂ ಉಳಿಯುತ್ತಿತ್ತೆಂದು ಎಲ್ಲರಿಗೂ ಗೊತ್ತಿತ್ತು.

"ನಾಳಿ ಮುಂಜಾನಿ ಓಣಿ ತುದಿಮನಿ ಗಾದೆಮ್ಮನ ಹಾಸೈತಿ," ಹೋಗುವಾಗ ಬೊಮ್ಮಮ್ಮ ಅಂದಳು. "ಕರೀತಾಳ. ಬಾ."

ಮರುದಿನ ಗಾದೆಮ್ಮ ಒಂದೊಂದೇ ಮನೆಯ ಹೆಸರು ಹಿಡಿದು ಕೂಗಿದಳು. ಅವಳಿಗೆ ಪಕ್ಕೀರಮ್ಮನ ಹೆಸರು ಗೊತ್ತಿರಲಿಲ್ಲ. "ನೀಲಗುಂದದಾಕಿ, ಬಾರವ್ವಾ!" ಎಂದಳು.

ಪಕ್ಕೀರಮ್ಮ ಹೋದಳು. ಎರಡು ಸಾಲು ಜನರ ನಡುವೆ ತೋಯ್ದ ಕರಿ ನೂಲು ಹೊಳೆಯುತ್ತಿತ್ತು. ಕುಂಚ ಕೈಗೆ ತೆಗೆದುಕೊಂಡು ಕೇಳಿದಳು:

"ನಾ ಎಲ್ಲಿ ನಿಲ್ಲಲಿ?"