ಬಂಡೆಗೆ ಸಿಕ್ಕಿಬಿದ್ದ ಹಿಮ್ಮಡಿ

ಬೀದಿಯವರೆಲ್ಲ ಅವನನ್ನು ಬುರುಡೆ ಪೇಂಟರ್ ಅಂತಲೇ ಕರೆಯುತ್ತಿದ್ದರು. ಗೋಡೆಗೆ ಒಂದು ಕೋಟು ಬಳಿದರೆ ಮಾತಿಗೆ ಎರಡು ಕೋಟು ಬಳಿಯುವ ಆಸಾಮಿ. ಅದನ್ನು ಅವನೂ ಒಪ್ಪಿಕೊಳ್ಳುತ್ತಿದ್ದ. ಏಣಿಯಿಂದ ಜಾರಿ ಮರಳಿನ ಗುಡ್ಡೆಯ ಮೇಲೆ ಕೂತದ್ದನ್ನು, ಮೂರನೇ ಮಹಡಿಯಿಂದ ಬಿದ್ದು ಬದುಕಿದ ಕಥೆ ಮಾಡಿದವನು ತಾನೇ ಅಲ್ಲವೇ? ಹಾಗಾಗಿ ಅವನ ಬಾಳಿನಲ್ಲಿ ನಿಜವಾಗಿಯೇ ಒಂದು ಸಂಗತಿ ನಡೆದಾಗ ಅದನ್ನು ನಂಬುವವರು ಒಬ್ಬರೂ ಉಳಿದಿರಲಿಲ್ಲ. ಬೀದಿ ನಂಬದಿದ್ದರೆ ಹಾಳಾಗಿ ಹೋಗಲಿ, ಹೆಂಡತಿಯೊಬ್ಬಳಾದರೂ ನಂಬಬೇಕು ಅನ್ನುವುದು ಅವನ ಆಸೆ.

ಆದದ್ದು ಇಷ್ಟು. ಊರಾಚೆಯ ಹಳೇ ಗೋದಾಮಿನಲ್ಲಿ ಸಿನಿಮಾದವರು ಕಾಡು ಕಟ್ಟುತ್ತಿದ್ದರು. ಒಬ್ಬನೇ ಒಬ್ಬ ಮನುಷ್ಯ ಕಾಡಿನಲ್ಲಿ ಬಂಡೆಯಡಿ ಕಾಲು ಸಿಕ್ಕಿಸಿಕೊಂಡು, ಅನ್ನ ನೀರಿಲ್ಲದೆ ದಿನಗಟ್ಟಲೆ ಒದ್ದಾಡಿ ಬದುಕಿ ಬರುವ ಕಥೆ. ಥರ್ಮಾಕೋಲಿನ ಬಂಡೆಗೆ ಬೂದು ಬಣ್ಣ ಬಳಿಯಲು ಇವನನ್ನು ಕರೆಸಿದ್ದರು. ಏಣಿಯ ಮೇಲೆ ನಿಂತು ಬಂಡೆಗೆ ಪಾಚಿಯ ಹಸಿರು ಹಚ್ಚುತ್ತಿದ್ದಾಗ, ಕೆಳಗೆ ಬಂದ ಡೈರೆಕ್ಟರ ಕಣ್ಣಿಗೆ ಬಿದ್ದದ್ದು ಇವನ ಹಿಮ್ಮಡಿಗಳು. ಒಣಗಿದ ಕೆರೆಯ ತಳದ ಹಾಗೆ ಬಾಯಿಬಿಟ್ಟಿದ್ದವು. ಹೀರೋನ ಕಾಲೋ, ಬೆಣ್ಣೆಯಲ್ಲಿ ಮಾಡಿದ ಹಾಗೆ.

"ಯಜಮಾನ್ರೇ, ಸ್ವಲ್ಪ ಕೆಳಗಿಳೀರಿ. ನಿಮ್ಮ ಎಡಗಾಲು ನಮಗೆ ಬೇಕು," ಅಂದರು ಡೈರೆಕ್ಟರು.

ದಿನಾ ಮುಖ ತೊಳೆದು, ಕ್ರಾಪು ಬಾಚಿ, ಕನ್ನಡಿ ಮುಂದೆ ನಿಂತದ್ದೆಲ್ಲ ದಂಡ. ಅದೃಷ್ಟ ಒಲಿದದ್ದು ಹಿಮ್ಮಡಿಗೆ ಎಂದು ಪೇಂಟರ್ ಒಳಗೊಳಗೇ ನಕ್ಕ. ಬಂಡೆಯ ಈಚೆ, ಕ್ಯಾಮೆರಾದ ಮುಂದೆ ಕಾಲು ಪ್ರಾಣಸಂಕಟ ಪಡುತ್ತಿದ್ದರೆ, ಮಿಕ್ಕ ಆಸಾಮಿ ಆಚೆ ತಾಡಪಾಲಿನ ಮೇಲೆ ಅಂಗಾತ ಮಲಗಿದ್ದ. ಆದರೂ ಸುಮ್ಮನಿರಲಾರದೆ "ಅಮ್ಮಾ, ಅಯ್ಯೋ" ಅಂದ.

"ಬೆರಳು ಮಾತ್ರ ಆ್ಯಕ್ಟ್ ಮಾಡ್ಲಿ, ನೀವು ನರಳಬೇಡಿ," ಎಂದು ಡೈರೆಕ್ಟರು ಗದರಿದರು.

ಉಳಿದ ಶೂಟಿಂಗ್ ಮುಂದಿನ ವಾರ, ಅಲ್ಲಿಯವರೆಗೆ ಕಾಲಿಗೆ ಏನೂ ಹಚ್ಚಕೂಡದು ಎಂದು ಹೇಳಿ ಕಳಿಸಿದರು.

ಮನೆಗೆ ಬಂದವನೇ ಹೆಂಡತಿಗೆ ಹೇಳಿದ. ಬೆಡ್‌ಶೀಟು ಮಡಿಸುತ್ತಿದ್ದವಳು ತಲೆಯನ್ನೇ ಎತ್ತಲಿಲ್ಲ.

"ಹೌದಾ? ಮುಖ ಬೇಡ ಅಂದ್ರಾ?"

"ನಿಜ ಕಣೇ, ನಿನ್ನಾಣೆ!"

"ನೀವು ಇಟ್ಟಿರೋ ಆಣೆಗೆ ನಾನಿನ್ನೂ ಬದುಕಿರೋದೇ ಹೆಚ್ಚು. ನೋಡಿ ಇಲ್ಲಿ, ನಿಮ್ಮ ಹಿಮ್ಮಡಿ ಸಿಕ್ಕಿ ಹೊಸಾ ಬೆಡ್‌ಶೀಟು ಎಳೆ ಕಿತ್ತು ಬಂದಿದೆ. ಕಾಲು ಚಾಚಿ, ಮೇಣ ಹಚ್ತೀನಿ."

"ಅಯ್ಯೋ, ಈ ಕಾಲು ಈಗ ಸಿನಿಮಾದವರದ್ದು!"

"ಉಜ್ಜಿಸ್ಕೊಳ್ಳೋಕೆ ಸೋಮಾರಿತನ, ಅದಕ್ಕೊಂದು ಸಿನಿಮಾ ಬೇರೆ. ಚಾಚ್ರೀ!"

ಇಷ್ಟು ವರ್ಷ ಬಿಟ್ಟ ಬುರುಡೆಗಳೆಲ್ಲ ಒಟ್ಟಾಗಿ ತನ್ನ ಕಾಲು ಹಿಡಿದೆಳೆದಂತಾಯಿತು ಅವನಿಗೆ. ದಿನಾ ಸಂಜೆ ಅವಳು ಎಣ್ಣೆಯಲ್ಲಿ ಮೇಣ ಕರಗಿಸಿ ಉಜ್ಜಿದಳು. ಎಡ ಹಿಮ್ಮಡಿಯ ಒಳಮಗ್ಗುಲಲ್ಲಿ ಒಂದು ಕಡೆ ಮುಟ್ಟಿದರೆ ಅವನು ಕಚಗುಳಿ ತಾಳಲಾರದೆ ಒದೆಯುತ್ತಿದ್ದ. ಅಷ್ಟು ಜಾಗ ಮಾತ್ರ ಬಿಟ್ಟಳು.

ಮುಂದಿನ ವಾರ ಡೈರೆಕ್ಟರು ಹಣೆ ಚಚ್ಚಿಕೊಂಡರು. "ಊಟ ಇಲ್ದೆ ಸಾಯ್ತಿರೋನ ಕಾಲು ರೀ ಇದು! ಮಾವನ ಮನೇಲಿದ್ದು ಬಂದ ಹಾಗಿದೆಯಲ್ಲ!"

ಪೇಂಟರ್ ಸಣ್ಣ ಬ್ರಷ್ಷು ತೆಗೆದು ತನ್ನ ಹಿಮ್ಮಡಿಗೆ ತಾನೇ ಬಿರುಕು ಬರೆದುಕೊಂಡ. ಜೀವಮಾನವೆಲ್ಲ ಗೋಡೆಯ ಬಿರುಕು ಮುಚ್ಚಿ ಹೊಟ್ಟೆ ಹೊರೆದವನಿಗೆ ಕೊನೆಗೆ ಈ ಗತಿ!

ಸಿನಿಮಾ ಬಂತು. "ನಿಮ್ಮ ಕಾಲು ನೋಡೋಕಲ್ಲ, ಫ್ಯಾನ್ ಕೆಳಗೆ ಕೂರೋಕೆ ಬರ್ತಿದೀನಿ," ಎಂದು ಹೇಳಿಯೇ ಹೆಂಡತಿ ಹೊರಟಳು. ಪರದೆಯ ಮೇಲೆ ಕಾಲು ಗೋಡೆಯಷ್ಟು ದೊಡ್ಡದಾಗಿ ಕಾಣಿಸಿದಾಗ ಅವನು ಮೊಣಕೈಯಿಂದ ತಿವಿದ.

"ಇಂಥ ಕಾಲು ಬೀದಿಗೆ ಹತ್ತು ಇವೆ. ಸುಮ್ನೆ ನೋಡಿ."

ಅವನ ಮುಖ ಇಳಿದುಹೋಯಿತು. ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದರೂ ನಂಬಿಸಲಾರದ ಬಾಯಿ ತನ್ನದು ಎಂದುಕೊಂಡ.

ಇಂಟರ್‌ವಲ್ ಆದ ಮೇಲೆ ಹೀರೋ ಅಳುತ್ತಿದ್ದ, ಜನ ಮೂಗು ಒರೆಸಿಕೊಳ್ಳುತ್ತಿದ್ದರು. ಮತ್ತೆ ಕಾಲು ಬಂತು. ಹೆಂಡತಿ ಮುಂದಕ್ಕೆ ಬಾಗಿದಳು.

"ರೀ... ಆ ಒಳಮಗ್ಗುಲು ನೋಡಿ! ನಾನು ಮೇಣ ಹಚ್ಚದೆ ಬಿಟ್ಟ ಜಾಗ ಅದು! ಮಿಕ್ಕಿದ್ದೆಲ್ಲ ನುಣ್ಣಗಿದೆ, ಮೇಲೆ ಗೀಚಿದಾರೆ!" ಅಂದವಳು ಎದ್ದೇ ನಿಂತಳು. "ಅದು ನಮ್ಮ ಯಜಮಾನ್ರ ಕಾಲು!"

"ಕೂತ್ಕೊಳಮ್ಮಾ, ಆ ಮನುಷ್ಯ ಸಾಯ್ತಾ ಇದಾನೆ!" ಎಂದು ಹಿಂದಿನ ಸಾಲಿನವನು ಕೂಗಿದ.

"ಸಾಯಲ್ಲ ಬಿಡಪ್ಪ. ಅವತ್ತು ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡಿದ್ದಾರೆ!"

ಮರುದಿನ ಅವಳು ನಲ್ಲಿಯ ಹತ್ತಿರ ಎಲ್ಲರಿಗೂ ಹೇಳಿದಳು. ಎದುರುಮನೆಯ ಟೈಲರ್ ಅಕ್ಕ ಲೊಚಗುಟ್ಟಿದಳು. "ಪಾಪ, ಗಂಡನ ಗಾಳಿ ಇವಳಿಗೂ ತಗುಲಿತು." ಒಳಗೆ ಬ್ರಷ್ಷು ತೊಳೆಯುತ್ತಿದ್ದ ಪೇಂಟರ್‌ಗೆ ಅದು ಕೇಳಿಸಿತು. ಹೊರಗೆ ಹೋಗಿ ಹೌದು ಅನ್ನೋಣ ಅನ್ನಿಸಿತು. ತಾನು ಬಾಯಿ ಹಾಕಿದರೆ ಅವಳ ನಿಜ ಇನ್ನಷ್ಟು ಕೆಟ್ಟೀತೆಂದು ತುಟಿ ಬಿಗಿದುಕೊಂಡ.

ಸಂಜೆ ಅಭ್ಯಾಸಬಲದಿಂದ ಕಾಲು ಚಾಚಿ ಕೂತ. ಅವಳು ಮೇಣದ ಬಟ್ಟಲನ್ನು ಎತ್ತಿ ಅಟ್ಟಕ್ಕೆ ಸೇರಿಸಿದಳು.

"ಯಾಕೆ?"

"ಹಿಮ್ಮಡಿ ಒಡೀಲಿ ಬಿಡಿ. ಅವ್ರು ಮತ್ತೆ ಕರೆದ್ರೆ?"

ಹಾಗಂದು, ಹರಿದ ಹಳೇ ಬೆಡ್‌ಶೀಟನ್ನು ಹುಡುಕಿ ತಂದು ಅವನ ಹಾಸಿಗೆಗೆ ಹಾಸಿದಳು.